ಪ್ರಾಣಿಯ ನೋವೇ ಕಾರಣವಾದರೆ ಮೊದಲು ಬಿಡಬೇಕಾದದ್ದು ಯಾವುದು?

ತುಮಕೂರಿನ ಓದುಗ (ಚರ್ಚೆ ಆರಂಭಿಸಿದವರು):

ನಮ್ಮಲ್ಲಿ ಯಾರಾದರೂ ಮಾಂಸ ಬಿಟ್ಟರೆಂದು ತಿಳಿದೊಡನೆ ಎದುರಾಗುವ ಪ್ರಶ್ನೆಗಳು ಎರಡೇ: ದೀಕ್ಷೆ ತೆಗೆದುಕೊಂಡಿರಾ, ಇಲ್ಲವೇ ಡಾಕ್ಟರು ಬೇಡವೆಂದರೇ? ಮೂರನೆಯ ಕಾರಣವೊಂದು ಇರಬಹುದೆಂದು ಊಹಿಸುವವರು ಕಡಿಮೆ. ಸಾಕುವಾಗ, ಸಾಗಿಸುವಾಗ, ಕೊಲ್ಲುವಾಗ ಪ್ರಾಣಿ ಅನುಭವಿಸುವ ನೋವೇ ಆ ಮೂರನೆಯ ಕಾರಣ, ಈ ಚರ್ಚೆಯ ವಿಷಯವೂ ಅದೇ. ಮಡಿ, ಜಾತಿ, ಮಠದ ಅಪ್ಪಣೆ, ಕೊಲೆಸ್ಟರಾಲ್ ಮುಂತಾದವನ್ನು ದಯವಿಟ್ಟು ಇಲ್ಲಿಗೆ ತರಬೇಡಿ ಎಂದು ಮೊದಲೇ ಕೋರುತ್ತೇನೆ.

ಮಾಂಸ ಬಿಡಲು ಹೊರಟವರು ಸಾಮಾನ್ಯವಾಗಿ ಮೊದಲು ಕುರಿ, ಮೇಕೆಯ ಮಾಂಸ ಬಿಡುತ್ತಾರೆ. ಕೋಳಿಯನ್ನು ಇನ್ನೂ ಸ್ವಲ್ಪ ಕಾಲ ಉಳಿಸಿಕೊಳ್ಳುತ್ತಾರೆ. ಮೊಟ್ಟೆಯನ್ನು ಮಾಂಸವೆಂದೇ ಎಣಿಸುವುದಿಲ್ಲ. ಹಾಲಿನ ಬಗ್ಗೆಯಂತೂ ಮಾತೇ ಇಲ್ಲ. ನೋವನ್ನು ಅಳತೆಗೋಲಾಗಿ ಹಿಡಿದರೆ ಈ ಕ್ರಮ ಬಹುಪಾಲು ತಿರುವುಮುರುವಾಗುತ್ತದೆ ಎಂಬುದು ನನ್ನ ವಾದ. ಒಂದು ಕುರಿಯಿಂದ ಹತ್ತು ಹನ್ನೆರಡು ಕಿಲೋ ಮಾಂಸ ಸಿಗುತ್ತದೆ. ಒಂದು ಬ್ರಾಯ್ಲರ್ ಕೋಳಿಯಿಂದ ಸಿಗುವುದು ಒಂದೂವರೆ ಕಿಲೋದೊಳಗೆ. ಕುರಿ ಬಿಟ್ಟು ಅಷ್ಟೇ ತೂಕದ ಕೋಳಿ ತಿನ್ನತೊಡಗಿದವನ ಲೆಕ್ಕದಲ್ಲಿ ಸಾಯುವ ಜೀವಗಳ ಸಂಖ್ಯೆ ಏಳೆಂಟು ಪಟ್ಟು ಏರುತ್ತದೆ. ಮೇಲಾಗಿ ಆ ಪ್ರತಿಯೊಂದು ಜೀವವೂ ಕುರಿಗಿಂತ ಕೆಟ್ಟದಾಗಿ ಬದುಕಿರುತ್ತದೆ. 'ಕೆಂಪು ಮಾಂಸ ಬಿಡಿ, ಚಿಕನ್ ತಿನ್ನಿ' ಎನ್ನುವ ಸಲಹೆ ಹೃದಯಕ್ಕೆ ಒಳ್ಳೆಯದಿರಬಹುದು, ಪ್ರಾಣಿಗಳಿಗೆ ಅದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ.

ಮೊಟ್ಟೆಯ ಕಥೆ ಇನ್ನೂ ಹದಗೆಟ್ಟದ್ದು. ನಾವು ತಿನ್ನುವ ಬಿಳಿ ಮೊಟ್ಟೆಗಳಲ್ಲಿ ಹೆಚ್ಚಿನವು ಬರುವುದು ತಂತಿಯ ಪಂಜರಗಳಿಂದ. ಒಂದೊಂದು ಗೂಡಿನಲ್ಲಿ ಮೂರು ನಾಲ್ಕು ಕೋಳಿ ತುಂಬುವ ಈ ಪಂಜರಗಳಲ್ಲಿ ಒಂದು ಕೋಳಿಯ ಪಾಲಿಗೆ 450 ಚದರ ಸೆಂಟಿಮೀಟರ್ ಆಸುಪಾಸಿನ ಜಾಗ ಕೊಡುವುದು ಬಹುಕಾಲದ ವಾಡಿಕೆ. ಜೆರಾಕ್ಸ್ ಅಂಗಡಿಯ ಎ4 ಹಾಳೆಯ ವಿಸ್ತೀರ್ಣ 620 ಚದರ ಸೆಂಟಿಮೀಟರಿಗೂ ಹೆಚ್ಚು. ರೆಕ್ಕೆ ಬಿಚ್ಚಲಾಗದೆ, ಮಣ್ಣು ಕೆದಕಲಾಗದೆ, ಇಳಿಜಾರಿನ ತಂತಿಯ ಮೇಲೆ ನಿಂತೇ ಆ ಕೋಳಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆಯುತ್ತದೆ. ಭಾರತೀಯ ಕಾನೂನು ಆಯೋಗ 2017ರ ತನ್ನ 269ನೆಯ ವರದಿಯನ್ನು ಇಡಿಯಾಗಿ ಕೋಳಿಗಳ ಈ ಸ್ಥಿತಿಗೇ ಮೀಸಲಿಟ್ಟಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ಪಂಜರವನ್ನು ಕೈಬಿಡದೆ ಪ್ರತಿ ಕೋಳಿಗೆ 550 ಚದರ ಸೆಂಟಿಮೀಟರ್ ಎಂದು ಅಳತೆಯನ್ನಷ್ಟೇ ಏರಿಸಿದವು. ಹಾಳೆಯ ಅಳತೆಯನ್ನು ಅದೂ ಮುಟ್ಟಲಿಲ್ಲ.

ಹೀಗಿರುವಾಗ, ಪ್ರಾಣಿಯ ಮೇಲಿನ ಕನಿಕರಕ್ಕೆ ಮಾಂಸ ಬಿಟ್ಟು ದಿನಕ್ಕೆರಡು ಮೊಟ್ಟೆ ತಿನ್ನುವವರು ತಮ್ಮ ಉದ್ದೇಶಕ್ಕೆ ತಾವೇ ವಿರುದ್ಧವಾಗಿ ನಡೆಯುತ್ತಿದ್ದಾರೆಯೇ? ಬಲ್ಲವರು ತಿಳಿಸಬೇಕು.

ಶೆಡ್ಡಿನ ಮಾಲೀಕ, ದೊಡ್ಡಬಳ್ಳಾಪುರದ ಕಡೆ:

ಸರ್, ತಾವು ಬರೆದಿರುವುದರಲ್ಲಿ ಸುಳ್ಳಿಲ್ಲ. ಆದರೆ ಶೆಡ್ಡಿನೊಳಗಿನಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನೂ ತಿಳಿದರೆ ಒಳ್ಳೆಯದು. ನಾನು ಕಂಪನಿಯ ಒಪ್ಪಂದದಲ್ಲಿ ಬ್ರಾಯ್ಲರ್ ಸಾಕುತ್ತೇನೆ. ಮರಿ, ಫೀಡ್, ಔಷಧಿ ಅವರದು. ಶೆಡ್ಡು, ನೀರು, ಕರೆಂಟು, ಭತ್ತದ ಹೊಟ್ಟು, ಕೂಲಿ ನನ್ನದು. ಸುಮಾರು 40 ದಿನಕ್ಕೆ ಕೋಳಿ ಎರಡು ಕಿಲೋ ಮುಟ್ಟುತ್ತಲೇ ಅವರ ಗಾಡಿ ಬರುತ್ತದೆ, ಕಿಲೋಗೆ ಇಷ್ಟು ಎಂದು ಸಾಕಣೆ ಹಣ ನನಗೆ ಬರುತ್ತದೆ. ಎಷ್ಟು ಫೀಡಿಗೆ ಎಷ್ಟು ತೂಕ ಬಂತು, ಎಷ್ಟು ಕೋಳಿ ಸತ್ತವು ಎಂಬುದರ ಮೇಲೆ ಆ ದರ ಏರಿಳಿಯುತ್ತದೆ. ಒಂದು ಕೋಳಿಗೆ ಒಂದು ಚದರ ಅಡಿಗಿಂತ ತುಸು ಹೆಚ್ಚು ಜಾಗ ಎಂಬ ಲೆಕ್ಕದಲ್ಲಿ ಮರಿ ಇಳಿಸುವವರು ಅವರೇ. 'ಇಷ್ಟು ಮರಿ ಬೇಡ, ಸಡಿಲವಾಗಿ ಸಾಕುತ್ತೇನೆ' ಎಂದು ರೈತ ಹೇಳಿದರೆ ಬ್ಯಾಂಕಿನ ಕಂತು ನಿಲ್ಲುತ್ತದೆ.

ಕೊನೆಯ ವಾರದಲ್ಲಿ ಶೆಡ್ಡಿನೊಳಗೆ ಕಾಲಿಡಲು ಜಾಗವಿರುವುದಿಲ್ಲ, ಹೊಟ್ಟು ಒದ್ದೆಯಾಗಿದ್ದರೆ ಅಮೋನಿಯಾದ ಘಾಟಿಗೆ ನಮ್ಮ ಕಣ್ಣೇ ಉರಿಯುತ್ತದೆ. ಅದರ ಮೇಲೆಯೇ ಕೂತಿರುವ ಕೋಳಿಯ ಪಾಡನ್ನು ಬೇರೆ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗೋಣಿತಾಟು ಕಟ್ಟಿ ನೀರು ಚಿಮುಕಿಸಿದರೂ ಮಧ್ಯಾಹ್ನ ಕರೆಂಟು ಹೋದರೆ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತ ಬೀಳುತ್ತವೆ. ನಮಗೆ ಇದು ಗೊತ್ತಿಲ್ಲವೆಂದೋ ಕನಿಕರವಿಲ್ಲವೆಂದೋ ಯಾರೂ ಭಾವಿಸಬಾರದು. ತಾವು ಚಿಕನ್ ಬಿಟ್ಟರೆ ಕಂಪನಿ ಮರಿ ಕೊಡುವುದನ್ನು ಕಡಿಮೆ ಮಾಡುತ್ತದೆ, ಖಾಲಿ ಶೆಡ್ಡು ನನ್ನ ತಲೆಯ ಮೇಲೆ ಉಳಿಯುತ್ತದೆ. ಆ ಭಾಗಕ್ಕೂ ಚರ್ಚೆಯಲ್ಲಿ ಜಾಗ ಇರಲಿ ಎಂಬುದು ನನ್ನ ಕೋರಿಕೆ.

ನಿವೃತ್ತ ಪಶುವೈದ್ಯ:

ಶೆಡ್ಡಿನ ಮಾಲೀಕರು ತಮ್ಮ ಕೈಮೀರಿದ್ದನ್ನು ಹೇಳಿದ್ದಾರೆ. ಅವರಿಗೆ ಮರಿ ಕೊಡುವವರ ಕೈಯಲ್ಲಿ ಇರುವುದನ್ನು ನಾನು ಹೇಳುತ್ತೇನೆ. ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿಯನ್ನು ನಂಬಬೇಡಿ. ಬೆಳವಣಿಗೆಯ ವೇಗವನ್ನು ತಲೆಮಾರುಗಳ ತಳಿ ಆಯ್ಕೆಯ ಮೂಲಕ ಹಕ್ಕಿಯ ರಕ್ತದೊಳಗೇ ಇಳಿಸಲಾಗಿದೆ, ಮತ್ತು ನನ್ನ ದೃಷ್ಟಿಯಲ್ಲಿ ಚುಚ್ಚುಮದ್ದಿಗಿಂತ ಇದು ಕೆಟ್ಟ ಸುದ್ದಿ, ಏಕೆಂದರೆ ಚುಚ್ಚುಮದ್ದನ್ನು ನಾಳೆಯೇ ನಿಲ್ಲಿಸಬಹುದಿತ್ತು. ಎದೆಯ ಮಾಂಸ ಬೆಳೆದಷ್ಟು ವೇಗವಾಗಿ ಕಾಲಿನ ಮೂಳೆಯಾಗಲಿ ಹೃದಯವಾಗಲಿ ಬಲಿಯುವುದಿಲ್ಲ. ಕಾಲು ಸೋತು ಕುಂಟುವ ಹಕ್ಕಿಗಳು, ಹೊಟ್ಟೆಯಲ್ಲಿ ನೀರು ತುಂಬಿ ಸಾಯುವ ಹಕ್ಕಿಗಳು ಪ್ರತಿ ಬ್ಯಾಚಿನಲ್ಲೂ ಇರುತ್ತವೆ. ಎಷ್ಟೇ ವಿಶಾಲವಾದ ಅಂಗಳದಲ್ಲಿ ಬಿಟ್ಟರೂ ಈ ತಳಿಯ ನೋವು ಪೂರ್ತಿ ಹೋಗುವುದಿಲ್ಲ. ಈ ಮರಿಗಳ ತಾಯ್ತಂದೆಗಳ ಗತಿಯಂತೂ ಜನರ ಕಣ್ಣಿಗೇ ಬೀಳುವುದಿಲ್ಲ. ಹೊಟ್ಟೆ ತುಂಬ ತಿಂದರೆ ಮೊಟ್ಟೆ ಇಡುವ ವಯಸ್ಸಿಗೆ ಮೊದಲೇ ಕೊಬ್ಬಿ ಕೆಡುವುದರಿಂದ ಅವುಗಳಿಗೆ ಅಳೆದು ತೂಗಿ ಮೇವು ಹಾಕುತ್ತಾರೆ. ಅವು ಹೆಚ್ಚುಕಡಿಮೆ ಜೀವನವಿಡೀ ಹಸಿದೇ ಇರುತ್ತವೆ.

ಮೊಟ್ಟೆಕೋಳಿಯ ವಿಷಯದಲ್ಲಿ ಎರಡು ಸಂಗತಿ ಸೇರಿಸುತ್ತೇನೆ. ಇವುಗಳ ಮೂಲವಾದ ಕಾಡುಕೋಳಿ ವರ್ಷಕ್ಕೆ ಒಂದೆರಡು ಸಲ ಬೆರಳೆಣಿಕೆಯಷ್ಟು ಮೊಟ್ಟೆ ಇಟ್ಟು ಕಾವು ಕೂರುವ ಹಕ್ಕಿ. ಇಂದಿನ ಮೊಟ್ಟೆಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಚಿಪ್ಪಿಗೆ ಬೇಕಾದ ಸುಣ್ಣದ ಅಂಶವನ್ನು ಒದಗಿಸುತ್ತ ಅದರ ಮೂಳೆ ಬರಿದಾಗುತ್ತದೆ, ಎದೆಮೂಳೆ ಮುರಿಯುವುದು ಈ ಹಕ್ಕಿಗಳಲ್ಲಿ ತೀರ ಸಾಮಾನ್ಯ. ಎರಡನೆಯದಾಗಿ, ಮೊಟ್ಟೆ ತಳಿಯ ಗಂಡು ಮರಿ ಮೊಟ್ಟೆಯನ್ನೂ ಇಡುವುದಿಲ್ಲ, ಲಾಭ ತರುವ ವೇಗದಲ್ಲಿ ಮೈಯನ್ನೂ ಹಿಡಿಯುವುದಿಲ್ಲವಾದ್ದರಿಂದ ಮರಿ ಮಾಡಿಸುವ ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಅವುಗಳನ್ನು ಕೊಲ್ಲುವುದು ಜಗತ್ತಿನ ಬಹುತೇಕ ಕಡೆ ವಾಡಿಕೆ. ಮಾಂಸ ತಿನ್ನದೆ ಮೊಟ್ಟೆ ಮಾತ್ರ ತಿನ್ನುವವರ ತಟ್ಟೆಯ ಹಿಂದೆ ಕೊಲೆ ಇಲ್ಲವೆಂಬುದು ಭ್ರಮೆ. ಚರ್ಚೆ ಆರಂಭಿಸಿದವರ ಪ್ರಶ್ನೆಗೆ ಇದೇ ನನ್ನ ಉತ್ತರ.

ಶಿಕ್ಷಕಿ, ರಾಯಚೂರು ಜಿಲ್ಲೆ:

ಈ ವಾದ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಭಯ ನನಗಿದೆ. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಗಳಿಂದ ಎಷ್ಟು ವಿರೋಧ ಬಂತೆಂಬುದನ್ನು ಎಲ್ಲರೂ ನೋಡಿದ್ದೇವೆ. ಮೊಟ್ಟೆ ಬೇಡವೆಂದ ಮಕ್ಕಳಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡುವ ಏರ್ಪಾಡು ಇದ್ದರೂ, ಬಹುಪಾಲು ಮಕ್ಕಳು ಸಂತೋಷದಿಂದ ಮೊಟ್ಟೆಯನ್ನೇ ಆರಿಸಿಕೊಂಡರೂ ಆ ವಿರೋಧ ತಣ್ಣಗಾಗಲಿಲ್ಲ. ನೀವು ಇಲ್ಲಿ ಒಳ್ಳೆಯ ಮನಸ್ಸಿನಿಂದ ಬರೆಯುವ ಪಂಜರದ ವರ್ಣನೆಯನ್ನು ನಾಳೆ ಮಡಿಯವರು ಎತ್ತಿಕೊಂಡು ನನ್ನ ಮಕ್ಕಳ ತಟ್ಟೆಯಿಂದ ಮೊಟ್ಟೆ ತೆಗೆಸಲು ಬಳಸುವುದಿಲ್ಲವೆಂದು ಯಾವ ಭರವಸೆಯಿದೆ? ಬೆಂಗಳೂರಿನಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಮನೆಯ ಮುಂದೆ ಬೋರ್ಡು ಹಾಕುವವರಿಗೂ ಕೋಳಿಯ ಮೇಲಿನ ಪ್ರೀತಿಗೂ ಸಂಬಂಧವಿಲ್ಲ. ಆದರೂ ಅವರಿಗೆ ಪ್ರೀತಿಯ ಮಾತು ಬೇಕಾಗುತ್ತದೆ.

ತುಮಕೂರಿನ ಓದುಗ:

ಮೇಡಂ, ನಿಮ್ಮ ಭಯ ಸಕಾರಣವಾದದ್ದು. ಚರ್ಚೆಯ ಆರಂಭದಲ್ಲೇ ಮಡಿಯನ್ನು ಹೊರಗಿಡಿ ಎಂದು ಕೇಳಿಕೊಂಡದ್ದು ಇದೇ ಕಾರಣಕ್ಕೆ. ಮಡಿಯ ವಾದಕ್ಕೂ ನೋವಿನ ವಾದಕ್ಕೂ ಇರುವ ವ್ಯತ್ಯಾಸ ನಮ್ಮ ಹಳೆಯ ಸಾಹಿತ್ಯದಲ್ಲೇ ಇದೆ: ಜನ್ನನ 'ಯಶೋಧರ ಚರಿತೆ'ಯಲ್ಲಿ ಅರಸ ಬಲಿಕೊಡುವುದು ಹಿಟ್ಟಿನ ಕೋಳಿಯನ್ನು, ಆದರೂ ಕೊಲ್ಲುವ ಸಂಕಲ್ಪಕ್ಕಾಗಿಯೇ ಅವನೂ ಅವನ ತಾಯಿಯೂ ಜನ್ಮಜನ್ಮಾಂತರ ತೊಳಲುತ್ತಾರೆ. ಅಲ್ಲಿ ಪ್ರಶ್ನೆ ಕೊಲ್ಲುವವನ ಆತ್ಮದ್ದು. ಕೋಳಿಗೆ ನೋವಾಯಿತೇ ಎಂದು ಕೇಳುವವನಿಗೆ ಹಿಟ್ಟಿನ ಕೋಳಿಯಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ. ಆತನ ಆಕ್ಷೇಪವೆಲ್ಲ ಹಾಲು, ಮೊಟ್ಟೆಯಂಥ 'ಕೊಲೆಯಿಲ್ಲದ' ಪದಾರ್ಥಗಳ ಹಿಂದೆ ಇರುವ ಪಂಜರ ಮತ್ತು ಹಗ್ಗದ ಬಗ್ಗೆ. ನೋವಿನ ವಾದ ಮಡಿವಂತರಿಗೆ ಅನುಕೂಲಕರವಾದ ವಾದವಲ್ಲ, ಪೂರ್ತಿ ಓದಿದರೆ ಅವರಿಗೇ ಹೆಚ್ಚು ಇರಿಸುಮುರಿಸಾಗಬೇಕು.

ಇನ್ನು ಶಾಲೆಯ ಮೊಟ್ಟೆ. ಬೇರೆ ಆಯ್ಕೆಯಿಲ್ಲದ ಮಗುವಿನ ತಟ್ಟೆಯಿಂದ ಸುಧಾರಣೆ ಆರಂಭವಾಗಬೇಕೆಂದು ನಾನು ಎಂದೂ ಹೇಳುವುದಿಲ್ಲ. ನೋವಿನ ವಾದವನ್ನು ಹಿಡಿದು ಹೋಗಬೇಕಾದದ್ದು ಪಂಜರದ ಬಳಿಗೆ. ರಾಜ್ಯದಲ್ಲಿ ಸರ್ಕಾರಕ್ಕಿಂತ ದೊಡ್ಡ ಮೊಟ್ಟೆ ಗಿರಾಕಿ ಯಾರಿದ್ದಾರೆ? ಇಷ್ಟು ಜಾಗ ಕೊಟ್ಟ ಕೋಳಿಯ ಮೊಟ್ಟೆಯೇ ಬೇಕು ಎಂಬ ಷರತ್ತು ಆ ಖರೀದಿಯಲ್ಲಿ ಬಂದರೆ, ನನ್ನಂಥವರು ಮೊಟ್ಟೆ ಬಿಡುವುದರಿಂದ ಆಗುವುದಕ್ಕಿಂತ ಸಾವಿರಪಟ್ಟು ಕೆಲಸವಾಗುತ್ತದೆ.

ಶಿಕ್ಷಕಿ, ರಾಯಚೂರು ಜಿಲ್ಲೆ:

ಈಗ ಕೊಡುವ ದರ ಪಂಜರದ ಮೊಟ್ಟೆಗೇ ಕೆಲವು ತಿಂಗಳು ಸಾಲುವುದಿಲ್ಲ, ಕೊರತೆ ಬಿದ್ದದ್ದನ್ನು ಶಾಲೆಯವರೇ ತುಂಬಿಸಬೇಕಾಗುತ್ತದೆ. ಷರತ್ತು ಹಾಕುವವರು ದರವನ್ನೂ ಜೊತೆಗೇ ಹೇಳಲಿ. ಉಳಿದಂತೆ ನಿಮ್ಮ ಮಾತಿಗೆ ನನ್ನ ಒಪ್ಪಿಗೆಯಿದೆ.

ಹೊರನಾಡಿನವಳು, ಜರ್ಮನಿ:

ಷರತ್ತು ಮತ್ತು ದರದ ಮಾತು ಬಂದುದರಿಂದ ಇಲ್ಲಿಯ ಅನುಭವ ಹೇಳುತ್ತೇನೆ. ಐರೋಪ್ಯ ಒಕ್ಕೂಟದಲ್ಲಿ ಹಳೆಯ ಮಾದರಿಯ ಬರಿ ಪಂಜರಗಳು 2012ರಿಂದ ನಿಷಿದ್ಧ. ಪ್ರತಿ ಮೊಟ್ಟೆಯ ಮೇಲೂ ಒಂದು ಅಂಕಿ ಅಚ್ಚಾಗಿರುತ್ತದೆ: 0 ಎಂದರೆ ಸಾವಯವ, 1 ಎಂದರೆ ಹೊರಗೆ ಮೇಯುವ ಕೋಳಿಯದು, 2 ಎಂದರೆ ಪಂಜರವಿಲ್ಲದ ಕೊಟ್ಟಿಗೆಯದು, 3 ಎಂದರೆ ಪಂಜರದ್ದು. ಕೊಳ್ಳುವವರು ಯಾರನ್ನೂ ನಂಬಬೇಕಾಗಿಲ್ಲ, ಅಂಕಿ ನೋಡಿದರೆ ಸಾಕು. ಗಂಡು ಮರಿಗಳನ್ನು ಹುಟ್ಟಿದ ದಿನ ಕೊಲ್ಲುವುದನ್ನು ಜರ್ಮನಿ 2022ರ ಆರಂಭದಿಂದ ನಿಷೇಧಿಸಿದ್ದು, ಮೊಟ್ಟೆಯೊಳಗಿರುವಾಗಲೇ ಗಂಡೋ ಹೆಣ್ಣೋ ಎಂದು ಪತ್ತೆಹಚ್ಚುವ ಯಂತ್ರಗಳು ಹ್ಯಾಚರಿಗಳಿಗೆ ಬಂದಿವೆ. ಇಷ್ಟೆಲ್ಲ ಆದರೂ ಬಿಸ್ಕತ್ತು, ನೂಡಲ್ಸ್, ಕೇಕುಗಳೊಳಗೆ ಬೆರೆತ ಮೊಟ್ಟೆಗೆ ಆ ಅಂಕಿಯ ನಿಯಮವಿಲ್ಲ ಎಂಬುದನ್ನೂ ಹೇಳಬೇಕು. ನಿಯಮ ಕಣ್ಣಿಗೆ ಕಾಣುವ ಮೊಟ್ಟೆಯನ್ನಷ್ಟೇ ಕಾಯುತ್ತದೆ.

ಕುರಿಹಟ್ಟಿಯವ, ಕೊಪ್ಪಳ:

ಮೊದಲ ಬರಹದಲ್ಲಿ ಕುರಿಗೆ ಸ್ವಲ್ಪ ರಿಯಾಯಿತಿ ಸಿಕ್ಕಿರುವುದನ್ನು ನೋಡಿ ಬರೆಯುತ್ತಿದ್ದೇನೆ. ನಮ್ಮದು ಊರೂರು ತಿರುಗುವ ಹಿಂಡು. ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ಕೂರಿಸುತ್ತೇವೆ, ರೈತರಿಗೆ ಗೊಬ್ಬರ, ನಮಗೆ ಕಾಳು ಕಡಿ. ನಮ್ಮ ಕುರಿ ತನ್ನ ಕಾಲಲ್ಲಿ ನಡೆದು, ತನಗೆ ಬೇಕಾದ್ದನ್ನು ಮೇಯ್ದು, ತಾಯಿಯ ಹಾಲು ಕುಡಿದು ಬೆಳೆಯುತ್ತದೆ. ಪಂಜರದ ಕೋಳಿಗೆ ಹೋಲಿಸಿದರೆ ಅದು ಕುರಿಯಾಗಿಯೇ ಬದುಕುತ್ತದೆ ಎಂಬುದು ನಿಜ. ಹಾಗೆಂದು ಅದನ್ನು ಸ್ವರ್ಗವೆಂದು ಬಣ್ಣಿಸಬೇಡಿ. ಮಳೆಗಾಲದಲ್ಲಿ ಎಳೆಮರಿಗಳು ಸಾಯುತ್ತವೆ, ಕಾಲುಬಾಯಿ ಜ್ವರ ಬಂದರೆ ನರಳುತ್ತವೆ, ತೋಳ ಬಿದ್ದರೆ ಹೇಳುವುದೇ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಸಂತೆಯಿಂದಾಚೆಗಿನ ದಾರಿ. ಎರಡು ಅಂತಸ್ತಿನ ಲಾರಿಯಲ್ಲಿ ಒತ್ತೊತ್ತಾಗಿ ತುಂಬಿ, ನೀರಿಲ್ಲದೆ ರಾತ್ರಿಯಿಡೀ ಬೆಂಗಳೂರಿಗೋ ಹೈದರಾಬಾದಿಗೋ ಸಾಗಿಸುವುದನ್ನು ಸಾಕಿದವನು ನಿಂತು ನೋಡಲಾರ. ಪ್ರಾಣಿ ಸಾಗಣೆಯ ನಿಯಮಗಳು 1978ರಿಂದ ಇವೆ, ಆದರೆ ಹೆದ್ದಾರಿಯ ತಪಾಸಣೆ ಕಟ್ಟೆಗಳಲ್ಲಿ ಲಾರಿ ನಿಲ್ಲಿಸುವವರಿಗೆ ಅವುಗಳ ಚಿಂತೆ ಇರುವುದನ್ನು ನಾನು ಕಂಡಿಲ್ಲ. ಕುರಿಯನ್ನು ಊರಲ್ಲೇ ಕಡಿದು ಮಾಂಸವನ್ನು ಮಂಜುಗಡ್ಡೆಯಲ್ಲಿ ಸಾಗಿಸಿದರೆ ಆ ನೋವಿನ ಬಹುಭಾಗ ಇಲ್ಲವಾಗುತ್ತದೆ.

ಕಡಲತಡಿ, ಮಲ್ಪೆ:

ಮೀನಿನ ಬಗ್ಗೆ ಇಷ್ಟು ಹೊತ್ತು ಯಾರೂ ಮಾತೆತ್ತದಿರುವುದೇ ಒಂದು ಉತ್ತರದಂತಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ವ್ಯಾಖ್ಯಾನದ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಪ್ರತಿಯೊಂದು ಜೀವಿಯೂ ಪ್ರಾಣಿಯೇ, ಅಂದರೆ ಬಂಗುಡೆ, ಬೂತಾಯಿಯೂ ಸೇರಿ. ಮೀನಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಯನ್ನು 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನುಗಳ ಮೇಲೆ ನಡೆಸಿದ ಪ್ರಯೋಗ ಗಂಭೀರವಾಗಿ ಎತ್ತಿತು. ತುಟಿಗೆ ಉರಿಯುವ ದ್ರವ ಚುಚ್ಚಿಸಿಕೊಂಡ ಮೀನುಗಳು ಮೇವು ಬಿಟ್ಟು, ತುಟಿಯನ್ನು ತಳದ ಜಲ್ಲಿಗೆ ಉಜ್ಜಿಕೊಂಡವು. ಟ್ರಾಲ್ ಬಲೆಯಲ್ಲಿ ಒತ್ತಿ ಬಂದ ಮೀನು ಬೋಟಿನ ಮೇಲೆ ಉಸಿರುಕಟ್ಟಿ ಸಾಯಲು ಹಲವು ನಿಮಿಷ ಬೇಕು. ಜೂನ್, ಜುಲೈ ತಿಂಗಳ 61 ದಿನದ ಮೀನುಗಾರಿಕೆ ನಿಷೇಧ ಮೀನಿನ ಸಂತತಿಯನ್ನು ಉಳಿಸುವುದಕ್ಕಷ್ಟೇ, ಅದರ ನೋವಿನ ಲೆಕ್ಕ ಅಲ್ಲಿ ಬರುವುದಿಲ್ಲ.

ಇನ್ನೊಂದು ಸಂಗತಿ ಘಟ್ಟದ ಮೇಲಿನವರಿಗೆ ತಿಳಿದಿರಲಾರದು. ನಮ್ಮ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಲ್ಲಿ ರಾಶಿ ರಾಶಿ ಬೂತಾಯಿ ಮತ್ತು ಸಣ್ಣ ಮೀನು ಪುಡಿಯಾಗಿ, ಸಿಗಡಿಯ ಮೇವಿಗೂ ಕೋಳಿಯ ಫೀಡಿಗೂ ಹೋಗುತ್ತದೆ. ಮೀನು ಮುಟ್ಟದವರ ಮೊಟ್ಟೆಯಲ್ಲೂ ನಮ್ಮ ಕಡಲಿನ ಪಾಲಿರಬಹುದು. ದಡದಿಂದ ಕೈಯಲ್ಲೇ ಕೈರಂಪಣಿ ಬಲೆ ಎಳೆದು ಮನೆಗೆರಡು ಮೀನು ತರುವವರನ್ನೂ ಆ ಕಾರ್ಖಾನೆಗೆ ಟನ್ನುಗಟ್ಟಲೆ ಸುರಿಯುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗದಿದ್ದರೆ ಸಾಕು. ಮೀನು ಬಿಡಿ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದಿಲ್ಲ.

ನಿವೃತ್ತ ಪಶುವೈದ್ಯ:

ಹಾಲಿನ ಮಾತೂ ಹೀಗೆಯೇ ಉಳಿದುಹೋಗಿದೆ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು, ಹಾಕಿದ ಕರುಗಳಲ್ಲಿ ಅರ್ಧದಷ್ಟು ಗಂಡು. ಉಳುಮೆ ಟ್ರ್ಯಾಕ್ಟರಿಗೆ ಹೋದ ಮೇಲೆ ಮಿಶ್ರತಳಿಯ ಹೋರಿಗರು ಯಾರಿಗೂ ಬೇಡ. 2020ರ ಗೋಹತ್ಯೆ ನಿಷೇಧ ಕಾಯ್ದೆಯಂತೆ ರಾಜ್ಯದಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟು ಬೇರೆ ಜಾನುವಾರು ಕಡಿಯುವಂತಿಲ್ಲ. ಕಾಯ್ದೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಪ್ರಾಣಿಯ ಕಡೆಯಿಂದ ನೋಡಿದಾಗ ಕಾಣುವುದಿಷ್ಟು: ಕಡಿಯುವಂತಿಲ್ಲದ, ಸಾಕಲೂ ಆಗದ ಗಂಡುಕರುವಿಗೆ ಹಾಲು ತಪ್ಪಿಸಿ ಸೊರಗಿಸುವುದು, ರಾತ್ರೋರಾತ್ರಿ ಊರಾಚೆ ಬಿಟ್ಟು ಬರುವುದು ನನ್ನ ಸೇವಾವಧಿಯಲ್ಲಿ ನಾನು ಮತ್ತೆ ಮತ್ತೆ ಕಂಡ ದೃಶ್ಯ. ಹಸಿವಿನಿಂದ ಬರುವ ಸಾವು ಕತ್ತಿಯ ಸಾವಿಗಿಂತ ನಿಧಾನದ್ದು. ಹೆಣ್ಣುಕರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯದ ಬಳಕೆ ಹೆಚ್ಚುತ್ತಿರುವುದೊಂದೇ ಈ ವಿಷಯದಲ್ಲಿ ಸಮಾಧಾನ.

ಕಾನೂನಿನ ಬಲದ ಬಗ್ಗೆ ಭ್ರಮೆ ಬೇಡ. 1960ರ ಕಾಯ್ದೆಯ 11ನೆಯ ಸೆಕ್ಷನ್ ಅಲುಗಾಡಲಾಗದಷ್ಟು ಇಕ್ಕಟ್ಟಾದ ಪಂಜರದಲ್ಲಿ ಪ್ರಾಣಿಯನ್ನು ಇಡುವುದೇ ಅಪರಾಧವೆನ್ನುತ್ತದೆ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. 2001ರ ಕಸಾಯಿಖಾನೆ ನಿಯಮಗಳು ಒಂದು ಪ್ರಾಣಿಯನ್ನು ಇನ್ನೊಂದರ ಕಣ್ಣೆದುರು ಕೊಲ್ಲಬಾರದೆನ್ನುತ್ತವೆ; ದಿನಕ್ಕೆ ಹತ್ತಕ್ಕಿಂತ ಕಡಿಮೆಯಿಲ್ಲದೆ ಪ್ರಾಣಿಗಳನ್ನು ಕಡಿಯುವ ಜಾಗವೆಲ್ಲ ಅವುಗಳ ವ್ಯಾಪ್ತಿಗೆ ಬರುತ್ತದೆ. ನಿಮ್ಮ ಬೀದಿಯ ಚಿಕನ್ ಅಂಗಡಿಯನ್ನು ಈ ಮಾತಿನೊಂದಿಗೆ ಒಮ್ಮೆ ಹೋಲಿಸಿ ನೋಡಿ.

ಅಡುಗೆಮನೆಯಿಂದ, ಮಂಡ್ಯ:

ಒಪ್ಪೋಣ. ಆದರೆ ಗದ್ದೆ ಉಳುವಾಗ, ಔಷಧಿ ಹೊಡೆಯುವಾಗ ಇಲಿ, ಹಾವು, ಕಪ್ಪೆಗಳು ಸಾಯುವುದಿಲ್ಲವೇ? ಅನ್ನ ತಿನ್ನುವವರ ಕೈ ಅಷ್ಟು ಶುದ್ಧವೇ? ಇನ್ನೊಂದು ಪ್ರಶ್ನೆ, ಮಾರಿಹಬ್ಬಕ್ಕೆ ಬೀಗರು ಬಂದಾಗ ಏನು ಬಡಿಸುವುದು?

ತುಮಕೂರಿನ ಓದುಗ:

ಅಕ್ಕ, ಸಾಯುತ್ತವೆ. ಆದರೆ ಕೋಳಿಯೂ ಗಾಳಿ ಕುಡಿದು ಬೆಳೆಯುವುದಿಲ್ಲ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳದ ದೊಡ್ಡ ಪಾಲು ಫೀಡಿಗೇ ಹೋಗುತ್ತದೆ, ಮತ್ತು ಒಂದು ಕಿಲೋ ತೂಕ ಬರಲು ಬ್ರಾಯ್ಲರಿಗೆ ಒಂದೂವರೆ ಕಿಲೋಗಿಂತ ಹೆಚ್ಚು ಫೀಡ್ ಬೇಕು. ಹೊಲದಲ್ಲಿ ಸಾಯುವ ಜೀವಗಳ ಲೆಕ್ಕ ಚಿಕನ್ ತಿನ್ನುವವರ ತಟ್ಟೆಯಲ್ಲಿ ಹೆಚ್ಚೇ ಬರುತ್ತದೆ, ಅದರ ಮೇಲೆ ಕೋಳಿಯೊಂದು ಸೇರುತ್ತದೆ. ಶುದ್ಧವಾದ ಕೈ ಯಾರದೂ ಇಲ್ಲ. ಎಲ್ಲಿ ಎಷ್ಟು ಕಡಿಮೆ ಮಾಡಬಹುದು ಎಂಬುದಷ್ಟೇ ಪ್ರಶ್ನೆ.

ಬೀಗರ ವಿಷಯಕ್ಕೆ ಬಂದರೆ, ನಮ್ಮ ಮನೆಯಲ್ಲಿ ದಿನನಿತ್ಯದ ಚಿಕನ್ನು, ಮೊಟ್ಟೆ ಪೂರ್ತಿ ನಿಂತಿವೆ. ಆ ಜಾಗದಲ್ಲಿ ಹುರುಳಿಕಾಳಿನ ಬಸ್ಸಾರು, ಹಿದುಕಿದ ಅವರೆಬೇಳೆ, ಮಸ್ಸೊಪ್ಪು ಬರುತ್ತವೆ. ಹಾಲೂ ಕಡಿಮೆಯಾಗಿರುವುದರಿಂದ ಬಿ12 ಮಾತ್ರೆಯನ್ನು ಡಾಕ್ಟರರ ಸಲಹೆಯ ಮೇಲೆ ತೆಗೆದುಕೊಳ್ಳುತ್ತೇನೆ. ಪೂರ್ತಿ ಸಸ್ಯಾಹಾರಕ್ಕೆ ತಿರುಗುವವರು ಇದನ್ನು ಅಲಕ್ಷಿಸಬಾರದು. ವರ್ಷಕ್ಕೊಮ್ಮೆ ಮಾರಿಹಬ್ಬಕ್ಕೆ ಊರಿನ ಹಿಂಡಿನಲ್ಲೇ ಬೆಳೆದ ಮರಿಯೊಂದನ್ನು ಅಣ್ಣನ ಮನೆಯವರು ಕಡಿಸುತ್ತಾರೆ. ನಾನು ತಿನ್ನುವುದಿಲ್ಲ, ಬಡಿಸುತ್ತೇನೆ. ಅದನ್ನು ನಿಲ್ಲಿಸಿ ಎಂದು ಜಗಳವಾಡುವ ಹೊತ್ತನ್ನು ತಂಗಿಯ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಬೇಯುವ ಬ್ರಾಯ್ಲರ್ ಕಡಿಮೆ ಮಾಡಿಸಲು ಬಳಸುವುದು ಮೇಲು ಎನಿಸಿದೆ.

ಶೆಡ್ಡಿನ ಮಾಲೀಕ, ದೊಡ್ಡಬಳ್ಳಾಪುರದ ಕಡೆ:

ಎಲ್ಲರ ಮಾತು ಓದಿದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಅಭಿವೃದ್ಧಿಪಡಿಸಿದ ಗಿರಿರಾಜದಂಥ ನಿಧಾನ ಬೆಳೆಯುವ ಕೋಳಿಯನ್ನು ಹಿತ್ತಲಲ್ಲಿ ಸಾಕುವವರು ನಮ್ಮ ಸುತ್ತಮುತ್ತ ಇದ್ದಾರೆ. ಆ ಕೋಳಿ ಕುಂಟುವುದಿಲ್ಲ, ಆದರೆ ಎರಡು ಪಟ್ಟು ಕಾಲ ತಿನ್ನುತ್ತದೆ, ಕಂಪನಿ ಅದನ್ನು ಕೊಳ್ಳುವುದಿಲ್ಲ. ಕಿಲೋಗೆ ನೂರು ರೂಪಾಯಿ ಹೆಚ್ಚು ಕೊಟ್ಟು, ವಾರಕ್ಕೆ ನಾಲ್ಕು ದಿನದ ಬದಲು ಒಂದೇ ದಿನ ತಿನ್ನುವ ಗಿರಾಕಿಗಳು ಖಾತ್ರಿಯಾಗಿ ಸಿಕ್ಕರೆ ಶೆಡ್ಡಿನ ಅರ್ಧವನ್ನು ಬದಲಿಸಲು ನಾನು ತಯಾರಿದ್ದೇನೆ. ಅಷ್ಟರವರೆಗೆ, ಬೇಸಿಗೆಯ ಬ್ಯಾಚಿನಲ್ಲಿ ಮರಿಗಳ ಸಂಖ್ಯೆ ಇಳಿಸಬಹುದೇ ಎಂದು ಕಂಪನಿಯ ಮೇಲ್ವಿಚಾರಕರನ್ನು ಕೇಳಿದೆ. ಬಿಸಿಲಿಗೆ ಸತ್ತ ಕೋಳಿಯಿಂದ ಅವರಿಗೂ ನಷ್ಟವಾದ್ದರಿಂದ ಏಪ್ರಿಲ್, ಮೇ ತಿಂಗಳಿಗೆ ಮಾತ್ರ ಒಪ್ಪಿದ್ದಾರೆ.